ಬೂಟಿಗೆ ಒಪ್ಪುವ ಕಪ್ಪು ಸ್ಕರ್ಟು

ಡೊಂಬಿವಲಿ
7-12-1986, ಭಾನುವಾರ

ಪ್ರೀತಿಯ ಸ್ವರ್ಣಕ್ಕನಿಗೆ ವಿನೋದಾಳ ನಮಸ್ಕಾರ.

ಮೊದಲು ಬೈದು ಮುಗಿಸು, ಆಮೇಲೆ ಓದು. ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಹೊಲಿಗೆ ಮೆಷಿನ್ನಿನ ಡ್ರಾವರಿನಲ್ಲಿ ಇಟ್ಟಿದ್ದೇನೆ. ಬಾಬಿನ್ ಹುಡುಕಲು ಕೈ ಹಾಕಿದಾಗಲೆಲ್ಲ ಅದೇ ಸಿಗುತ್ತದೆ, ನಾಳೆ ಬರೆಯುವಾ ಎಂದುಕೊಂಡು ಮುಚ್ಚುತ್ತೇನೆ. ಇದು ಮದುವೆಯ ಕಾಲ. ನಮ್ಮ ಕಟ್ಟಡದ ಮೂರು ಮಾಳಿಗೆಯ ಹೆಂಗಸರ ರವಿಕೆಗಳೂ ನನ್ನ ಮನೆಯಲ್ಲೇ ಬಿದ್ದಿವೆ, ಎಲ್ಲರಿಗೂ ನಾಳೆಯೇ ಬೇಕು. ಇವರಿಗೆ ಕಲ್ಯಾಣದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಸೊಂಟ ಹಿಡಿದಿದೆಯಂತೆ. ಉಳಿದಂತೆ ಗುಂಡುಕಲ್ಲಿನ ಹಾಗೆ ಇದ್ದಾರೆ. ಭಾವನ ಮಂಡಿನೋವು ಹೇಗುಂಟು? ಉಚ್ಚಿಲದಲ್ಲಿ ಒಳ್ಳೆ ಮೀನು ಬರುತ್ತಿದೆಯಾ? ಇಲ್ಲಿ ಬಂಗುಡೆ ಎಂದು ಕೊಡುವುದಕ್ಕೆ ಬಂಗುಡೆಯ ರುಚಿಯೇ ಇಲ್ಲ.

ಈಗ ನಿನ್ನ ಪತ್ರದ ವಿಷಯ. ನಮ್ಮ ಪ್ರಫುಲ್ಲಾಳಿಗೆ ನೋಡಿದ ಹುಡುಗ ಮಧ್ವರಾಜನ ಬಗ್ಗೆ ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಮಲ್ಪೆಯ ಮನೆ, ಬಿ.ಕಾಂ., ಕಳಂಬೋಲಿಯಲ್ಲಿ ಹೊಸದಾಗಿ ಏಳುತ್ತಿರುವ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಒಂದು ಕಂಪೆನಿಯ ಆಫೀಸು, ಇರುವುದು ವಾಶಿಯಲ್ಲಿ, ಥಾಣೆಯಲ್ಲಿ ಮದುವೆಯಾದ ಅಕ್ಕ ವಿಮಲಾ. ಎಲ್ಲ ಸರಿ. ಆದರೆ ನಾನು ಬೆರಳಿಟ್ಟು ಓದಿದ್ದು ಕೊನೆಯ ಸಾಲು. "ನಮ್ಮ ಹುಡುಗಿ ಬೂಟು ಹಾಕುತ್ತಾಳೆ ಎಂದು ಹುಡುಗನ ತಾಯಿಗೆ ಹೇಳಿದ್ದೇನೆ. ಹಾಕಲಿ, ಅದಕ್ಕೇನಂತೆ ಎಂದರು" ಎಂದು ಬರೆದಿದ್ದೀ. ಅಕ್ಕಾ, ಅದನ್ನು ಓದಿ ನಾನು ಅತ್ತುಬಿಟ್ಟೆ. ಇಲ್ಲಿಯವರೆಗೆ ಬಂದ ಆರು ಸಂಬಂಧಗಳೂ ಆ ಒಂದು ಕಾರಣಕ್ಕೇ ಹಿಂದೆ ಹೋಗಿವೆ. ಅದಕ್ಕೇನಂತೆ ಎಂದವರು ಇವರು ಮಾತ್ರ.

ಬೂಟು ಎಂಬ ಹೆಸರಿಟ್ಟವಳು ನೀನೇ, ನೆನಪುಂಟಾ? ಹದಿನಾಲ್ಕನೇ ತಿಂಗಳಿನಲ್ಲಿ ಜ್ವರ ಬಂದು ಪ್ರಫುಲ್ಲಾಳ ಬಲಗಾಲು ಸೋತಿತು. ನಾಲ್ಕು ವರ್ಷ ತುಂಬಿದಾಗ ಮುಂಬಯಿಯ ಆಸ್ಪತ್ರೆಯಲ್ಲಿ ಆ ಕಬ್ಬಿಣ ಕೊಟ್ಟರು. ತೊಡೆಯಿಂದ ಕೆಳಗೆ ಎರಡು ಬದಿಗೆ ಎರಡು ಪಟ್ಟಿ, ಚರ್ಮದ ಬೆಲ್ಟು, ಕೂರುವಾಗ ತೆಗೆದು ಕಾಲು ಮಡಚಲು ಮಂಡಿಯ ಹತ್ತಿರ ಒಂದು ಬೀಗ, ತುದಿಯಲ್ಲಿ ಕಪ್ಪು ಬೂಟು. ಡಾಕ್ಟರು ಹೇಳಿದ ಹೆಸರು ನಮ್ಮ ಬಾಯಿಗೆ ಹಿಡಿಯಲಿಲ್ಲ. ಮಗು ಹೆದರಬಾರದೆಂದು ನೀನು "ನೋಡು, ನಿನಗೆ ಹೊಸ ಬೂಟು" ಎಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಆ ಇಡೀ ಕಬ್ಬಿಣಕ್ಕೆ ಬೂಟು ಎಂದೇ ಹೆಸರು. ಬೂಟು ಬಿಚ್ಚಿದೆಯಾ, ಬೂಟಿಗೆ ಎಣ್ಣೆ ಬಿಟ್ಟೆಯಾ ಎಂದು ಹದಿನೆಂಟು ವರ್ಷದಿಂದ ಕೇಳುತ್ತಾ ಬಂದಿದ್ದೇವೆ.

ಇನ್ನೊಂದು ಸುದ್ದಿ. ಹೋದ ಶನಿವಾರ ಪ್ರಫುಲ್ಲಾ ಥಾಣೆಯ ಆಫೀಸಿನಿಂದ ಬರುವಾಗ ಡೊಂಬಿವಲಿಯಲ್ಲಿ ಇಳಿಯದೆ ಉಲ್ಹಾಸನಗರಕ್ಕೆ ಹೋಗಿ ಒಂದು ಸ್ಕರ್ಟು ತಂದಿದ್ದಾಳೆ. ಕಪ್ಪು ಬಣ್ಣ. ಡೆನಿಮ್ ಅಂತೆ, ಅಂದರೆ ಗಂಡು ಹುಡುಗರು ಪ್ಯಾಂಟಿಗೆ ಹಾಕುವ ಆ ಜೀನ್ಸ್ ಬಟ್ಟೆ. ಉದ್ದ ಪಾದದ ಗಂಟಿನವರೆಗೆ. ಒಳಗಿನ ಚೀಟಿಯಲ್ಲಿ ಮೇಡ್ ಇನ್ ಯು.ಎಸ್.ಎ. ಎಂದಿದೆ. ಅದು ಅಮೆರಿಕವಲ್ಲ, ಉಲ್ಹಾಸನಗರ್ ಸಿಂಧಿ ಅಸೋಸಿಯೇಶನ್ ಎಂದು ಇಲ್ಲಿ ಚಿಕ್ಕ ಮಕ್ಕಳೂ ನಗಾಡುತ್ತಾರೆ.

ತಂದದ್ದು ಯಾಕೆ ಎಂದು ನನಗೆ ಹೇಳಿಕೊಡಬೇಕಾಗಿಲ್ಲ. ಅವಳ ಬಟ್ಟೆಗಳನ್ನು ಹೊಲಿದು ಸೋತವಳು ನಾನು. ಸೀರೆ ಉಟ್ಟರೆ ನೆರಿಗೆ ಆ ಮಂಡಿಯ ಬೀಗಕ್ಕೆ ಸಿಕ್ಕುತ್ತದೆ. ಎರಡು ವರ್ಷದ ಹಿಂದೆ ಥಾಣೆ ಸ್ಟೇಷನ್ನಿನಲ್ಲಿ ಹಾಗೆಯೇ ಬಿದ್ದದ್ದು. ಸಲ್ವಾರ್ ಆದರೆ ಮೂರು ತಿಂಗಳಿಗೆ ಮಂಡಿಯಲ್ಲಿ ತೂತು. ಒಳಗಿಂದ ಪಟ್ಟಿ ಕೊಟ್ಟೆ, ಕ್ಯಾನ್ವಾಸು ಕೊಟ್ಟೆ, ಕಬ್ಬಿಣದ ಜೊತೆ ಹತ್ತಿ ಎಷ್ಟು ದಿನ ಜಗಳವಾಡೀತು? ಈ ಬಟ್ಟೆಯನ್ನು ಮಾತ್ರ ಬೀಗ ಕಚ್ಚುವುದಿಲ್ಲ. ಗಾಳಿಗೆ ಹಾರುವುದೂ ಇಲ್ಲ, ಲೋಕಲ್ಲಿನ ನೂಕಾಟದಲ್ಲಿ ಯಾರ ಬಳೆಗೂ ಸಿಕ್ಕುವುದಿಲ್ಲ.

ಆದರೂ ನನಗೆ ಕುತೂಹಲ ತಡೆಯಲಿಲ್ಲ. ಒಳಗಿನ ಹೊಲಿಗೆ ಬಿಚ್ಚಿ ಒಂದು ಎಳೆ ತೆಗೆದು ನೋಡಿದೆ. ಉದ್ದದ ಹಾಸುನೂಲು ಕಪ್ಪು, ಅಡ್ಡದ ಹೊಕ್ಕುನೂಲು ಬಿಳಿ. ಅದಕ್ಕೇ ಹೊರಗೆ ಕಪ್ಪು ಕಂಡರೂ ಮಗುಚಿದರೆ ಬೂದಿ ಬಣ್ಣ. ಬಿಚ್ಚಿದ್ದನ್ನು ಹೊಲಿಯಲು ಹೋಗಿ ಎರಡು ಸೂಜಿ ಮುರಿದೆ. ತೊಳೆದರೆ ಮೂರು ಬಕೆಟ್ ಕಪ್ಪು ನೀರು, ಇವರ ಎರಡು ಬಿಳಿ ಬನಿಯನ್ನುಗಳೂ ಅದರ ಜೊತೆ ಸೇರಿ ಹಾಳಾದವು. ಹೇಳಿದರೆ ನಗುತ್ತೀ, ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಹಾಕಿಕೊಂಡು ನೋಡಿದೆ. ಸೊಂಟಕ್ಕೆ ಬರಲಿಲ್ಲ, ಗುಂಡಿಯ ಜಾಗದಲ್ಲಿ ಪಿನ್ನು ಹಾಕಿದೆ. ಬಾಗಿಲಿನಿಂದ ಗ್ಯಾಲರಿಯವರೆಗೆ ನಡೆದೆ. ನಡೆದಾಗ ಅದೊಂದು ಸದ್ದು ಮಾಡುತ್ತದೆ, ದಪ್ಪ ಕಾಗದ ಉಜ್ಜಿದ ಹಾಗೆ. ನಲವತ್ತೈದು ವರ್ಷಕ್ಕೆ ಹೊಸ ಸದ್ದು ಕೇಳಿ ಖುಷಿಯಾಯಿತು.

ಆದರೆ ಇದರ ಮೇಲೆ ಹಾಕುವುದು ಏನನ್ನು? ಅವಳ ಹತ್ತಿರ ಇರುವ ಯಾವುದೂ ಒಪ್ಪುತ್ತಿಲ್ಲ. ನಿನಗೇನಾದರೂ ತೋಚಿದರೆ ಬರೆ.

ನಿನ್ನ ತಂಗಿ,
ವಿನೋದಾ


ಡೊಂಬಿವಲಿ
11-1-1987

ಪ್ರೀತಿಯ ಅಕ್ಕಾ,

ಈ ಸಲ ತಡವಾದದ್ದಕ್ಕೆ ರವಿಕೆಗಳು ಕಾರಣವಲ್ಲ. ಬರೆಯಲು ಕೂತರೆ ಒಂದು ವಿಷಯ ಗಂಟಲಲ್ಲಿ ನಿಲ್ಲುತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಸ್ಕರ್ಟಿನ ಕತೆ ಕೇಳು.

ಸೀರೆಯ ಪಲ್ಲುವನ್ನೇ ತಿರುಗಿಸಿ ಹಾಕಿದರೆ ಹೇಗೆ ಎಂದು ಬರೆದಿದ್ದೀಯಲ್ಲ, ಅದನ್ನೂ ಮಾಡಿದೆವು. ನನ್ನ ಹಳೇ ಹಸಿರು ವಾಯಿಲ್ ಸೀರೆಯನ್ನು ಎರಡು ತುಂಡು ಮಾಡಿ ದಾವಣಿಯ ಹಾಗೆ ಸುತ್ತಿದೆ. ಆ ದಪ್ಪ ಸೊಂಟದ ಪಟ್ಟಿಯಲ್ಲಿ ನೆರಿಗೆ ನಿಲ್ಲಲಿಲ್ಲ, ಎಲ್ಲ ಮುಂದಕ್ಕೆ ಉಬ್ಬಿ ನಿಂತಿತು. ಇವರು ಪೇಪರಿನಿಂದ ತಲೆ ಎತ್ತಿ, ಯಕ್ಷಗಾನದ ಚೆಂಡೆ ಯಾವಾಗ ಶುರು ಎಂದು ಕೇಳಿದರು. ಪ್ರಫುಲ್ಲಾ ಬಿದ್ದು ಬಿದ್ದು ನಕ್ಕಳು. ಅಲ್ಲಿಗೆ ದಾವಣಿ ಮುಗಿಯಿತು.

ಮರುದಿನ ಇವರ ಬಿಳಿ ಶರ್ಟು ಹಾಕಿ, ತೋಳು ಮಡಿಸಿ ಆಫೀಸಿಗೆ ಹೋದಳು. ನನ್ನ ಕಣ್ಣಿಗೆ ಕಲ್ಯಾಣ ಕೋರ್ಟಿನ ವಕೀಲೆಯ ಹಾಗೆ ಕಂಡಳು. ಲೇಡೀಸ್ ಡಬ್ಬದಲ್ಲಿ ಇಬ್ಬರು ಎಲ್ಲಿ ಹೊಲಿಸಿದ್ದು ಎಂದು ಕೇಳಿದರಂತೆ. ಬುಧವಾರ ಸಾಸಿವೆ ಬಣ್ಣದ ಖಾದಿ ಕುರ್ತಾ. ಅದು ಮಂಡಿಯವರೆಗೆ ಬಂದು ಅರ್ಧ ಸ್ಕರ್ಟನ್ನು ನುಂಗಿತು; ಹೆಗಲಿಗೆ ಜೋಳಿಗೆ ಹಾಕಿದ್ದರೆ ಮೋರ್ಚಾಕ್ಕೆ ಹೊರಟವಳೇ. ಕೆಂಪು ಟೀ ಶರ್ಟು ಹಾಕಿದ ದಿನ ನಾನು ಬಾಗಿಲಲ್ಲೇ ನಿಲ್ಲಿಸಿ ಬದಲಾಯಿಸಿದೆ. "ಅಮ್ಮಾ, ಟ್ರೇನ್ ಛೂಟ್ ಜಾಯೇಗಿ", ಟ್ರೇನು ತಪ್ಪುತ್ತದೆ ಎಂದು ಹಿಂದಿಯಲ್ಲಿ ಕೂಗಾಡಿದಳು. ನಾವು ತುಳುವಿನಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವುದು ನಿನಗೆ ಗೊತ್ತೇ ಇದೆ.

ನಾಲ್ಕು ಬಟ್ಟೆ ನೋಡಿದ ಮೇಲೆ ನನಗೆ ಗುಟ್ಟು ಸಿಕ್ಕಿತು. ಈ ಸ್ಕರ್ಟಿನ ಭಾರವೆಲ್ಲ ಕೆಳಗೆ. ಮೇಲಿನದು ಜೋಲಾಡಿದರೆ ಆಳು ಗಿಡ್ಡ ಕಾಣುತ್ತದೆ. ಮೇಲಿನದು ಸೊಂಟಕ್ಕೇ ನಿಲ್ಲಬೇಕು, ಮೈಗೆ ಕೂರಬೇಕು, ಬಟ್ಟೆ ತೆಳ್ಳಗಿರಬೇಕು, ಬಣ್ಣ ಮಾತ್ರ ಮಾತಾಡಬೇಕು. ಭಿವಂಡಿಯ ಮಗ್ಗದಿಂದ ಬಂದ ಕಟ್‌ಪೀಸಿನ ರಾಶಿಯಲ್ಲಿ ದಾಸವಾಳ ಕೆಂಪಿನ ಸಣ್ಣ ಚೌಕುಳಿಯ ಒಂದು ತುಂಡು ಸಿಕ್ಕಿತು, ಒಂದೂವರೆ ಮೀಟರು. ಮೈಗೆ ಕೂರಲು ನಾಲ್ಕು ಡಾರ್ಟು ಕೊಟ್ಟು, ಮುಂದೆ ಗುಂಡಿಯಿಟ್ಟು, ಮೊಣಕೈವರೆಗಿನ ತೋಳು, ಚಿಕ್ಕ ಕಾಲರು ಇಟ್ಟು ಹೊಲಿದೆ. ಹಾಕಿಕೊಂಡು ಬಂದು ನಿಂತಳು ನೋಡು. ಅಕ್ಕಾ, ನಾನು ಹೆತ್ತವಳೆಂದು ಹೇಳುತ್ತಿಲ್ಲ, ಟೈಲರ್ ಎಂದು ಹೇಳುತ್ತೇನೆ, ಒಂದು ಕಡೆಯೂ ತಿದ್ದುವಂಥದ್ದು ಇರಲಿಲ್ಲ.

ಹುಡುಗನ ಕಡೆಯವರು ಬಂದಾಗ ಇದೇ ಹಾಕುತ್ತೇನೆ ಎಂದಳು. ಹುಡುಗಿ ನೋಡುವ ಶಾಸ್ತ್ರಕ್ಕೆ ಕಪ್ಪಾ? ಪಕ್ಕದ ಮನೆಯ ಜೋಗಳೇಕರ್ ವಹಿನಿಯ ಹತ್ತಿರ ತೋಡಿಕೊಂಡೆ. ಅವರು ಒಳ್ಳೆಯ ದಾರಿ ತೋರಿಸಿದರು. ಇಲ್ಲಿ ಸಂಕ್ರಾಂತಿಗೆ ಹೊಸ ಮದುಮಗಳಿಗೂ ಕಪ್ಪು ಸೀರೆಯೇ ಉಡಿಸುತ್ತಾರೆ, ರಥಸಪ್ತಮಿಯವರೆಗೆ ಅರಸಿನ ಕುಂಕುಮ ನಡೆಯುತ್ತದೆ, ಅಷ್ಟರೊಳಗೆ ಅವರನ್ನು ಕರೆಸು, ಯಾರಾದರೂ ಕೇಳಿದರೆ ಇದು ಈ ಊರಿನ ಪದ್ಧತಿ ಎನ್ನು ಅಂದರು. ಹಾಗಾಗಿ ಬರುವ ಭಾನುವಾರ, ಹದಿನೆಂಟನೇ ತಾರೀಕಿಗೆ ಗೊತ್ತು ಮಾಡಿದ್ದೇವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಈಗ ಗಂಟಲಲ್ಲಿ ನಿಂತ ವಿಷಯ. ಹೊಸ ವರ್ಷದ ಮೊದಲ ವಾರ ಹುಡುಗನ ಅಕ್ಕ ವಿಮಲಾ ಬಂದಿದ್ದರು, ಮನೆ ನೋಡಿಕೊಂಡು ಹೋಗಲು. ಪ್ರಫುಲ್ಲಾ ಆಫೀಸಿಗೆ ಹೋಗಿದ್ದಳು. ಚಾ ಕುಡಿಯುತ್ತಾ ಅವರು ಹೇಳಿದರು, "ನಮ್ಮ ಮಧ್ವನಿಗೆ ಭಾರೀ ಕುತೂಹಲ ವಿನೋದಕ್ಕ. ಬೂಟು ಹಾಕುವ ಹುಡುಗಿ ಅಂತಲ್ಲ, ಕುದುರೆ ಸವಾರಿ ಎಲ್ಲ ಮಾಡ್ತಾಳಾ ಅಂತ ಕೇಳ್ದ."

ನಾನೂ ನಕ್ಕೆ. ನಗುತ್ತಿರುವಾಗಲೇ ತಿಳಿಯಿತು. ನೀನು ಅವರ ತಾಯಿಗೆ ಹೇಳಿದ ಬೂಟು ಬೇರೆ, ಅವರಿಗೆ ಕೇಳಿಸಿದ ಬೂಟು ಬೇರೆ. ಬೊಂಬಾಯಿಯ ಹುಡುಗಿ, ಫ್ಯಾಶನ್ನಿನ ಬೂಟು ಹಾಕುತ್ತಾಳೆ ಎಂದು ತಿಳಿದುಕೊಂಡೇ ಅವರು ಅದಕ್ಕೇನಂತೆ ಎಂದದ್ದು. ನೀನು ಸುಳ್ಳು ಹೇಳಲಿಲ್ಲ, ಅವರೂ ತಪ್ಪು ಕೇಳಿಸಿಕೊಳ್ಳಲಿಲ್ಲ. ಆ ಮಾತಿನ ಅರ್ಥ ಗೊತ್ತಿರುವುದು ನಮ್ಮ ಮನೆಯ ಗೋಡೆಗಳಿಗೆ ಮಾತ್ರ.

ಆಗಲೇ ಹೇಳಿಬಿಡಬೇಕಿತ್ತು. ಅವರ ಲೋಟಕ್ಕೆ ಇನ್ನಷ್ಟು ಚಾ ಬಗ್ಗಿಸಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಒಂದೂ ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹುಡುಗ ಒಮ್ಮೆ ಅವಳ ಮುಖ ನೋಡಲಿ, ಮಾತು ಕೇಳಲಿ, ಮನಸ್ಸು ಕೂರಲಿ, ಆಮೇಲೆ ಹೇಳಿದರಾಯಿತು. ಇವರಿಗೂ ಹೇಳಿಲ್ಲ. ಪ್ರಫುಲ್ಲಾಳಿಗಂತೂ ಹೇಳಿಯೇ ಇಲ್ಲ. ನೀನು ಬರೆದ ಸಾಲನ್ನು ನಾನೇ ಅವಳಿಗೆ ಓದಿ ಹೇಳಿದ್ದೆ. ಅಂದಿನಿಂದ ಅವಳ ನಡಿಗೆಯೇ ಹಗುರವಾಗಿದೆ.

ನಿನ್ನೆ ಉಲ್ಹಾಸನಗರಕ್ಕೆ ಹೋಗಿ ಅದೇ ಕಪ್ಪು ಬಟ್ಟೆಯ ತುಂಡು ತಂದು, ಸ್ಕರ್ಟಿನ ಕೆಳಗೆ ಐದು ಇಂಚಿನ ಪಟ್ಟಿ ಕೊಟ್ಟಿದ್ದೇನೆ. ಹದಿನೆಂಟನೇ ನಂಬರಿನ ಸೂಜಿ ಹಾಕಿದರೆ ಮುರಿಯುವುದಿಲ್ಲ, ಈಗ ಕಲಿತೆ. ಇನ್ನು ನೆಲ ಮುಟ್ಟುತ್ತದೆ, ಬೂಟಿನ ಮೂತಿಯೂ ಕಾಣುವುದಿಲ್ಲ. ಜೋಡಣೆ ಎಲ್ಲಿ ಎಂದು ನೀನು ಬಂದು ಹುಡುಕಿದರೂ ಸಿಗಲಿಕ್ಕಿಲ್ಲ.

ಬೈಯಬೇಡ. ಪ್ರಾರ್ಥನೆ ಮಾಡು.

ವಿನೋದಾ


ಡೊಂಬಿವಲಿ
30-1-1987

ಪ್ರೀತಿಯ ಅಕ್ಕಾ,

ಏನಾಯಿತು, ಏನಾಯಿತು ಎಂದು ನೀನು ಎರಡು ಕಾರ್ಡು ಹಾಕಿದೆ. ಎರಡೂ ಬಂದಿವೆ. ಏನಾಗಿದೆ ಎಂದು ನನಗೇ ಸರಿಯಾಗಿ ತಿಳಿಯದೆ ನಿನಗೇನು ಬರೆಯಲಿ ಎಂದು ಸುಮ್ಮನಿದ್ದೆ. ಕ್ಷಮಿಸು. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆ ಭಾನುವಾರ ಬೆಳಿಗ್ಗೆ ಪ್ರಫುಲ್ಲಾ ಸ್ಕರ್ಟು ತೆಗೆದು ನೋಡಿದಳು. ಈ ಪಟ್ಟಿ ಯಾಕೆ ಎಂದು ಕೇಳಿದಳು. ಉದ್ದ ಇದ್ದರೆ ಲಕ್ಷಣ ಎಂದೆ. ಅವರಿಗೆ ಬೂಟಿನ ವಿಷಯ ಗೊತ್ತುಂಟಲ್ಲ, ಮತ್ತೆ ಮುಚ್ಚುವುದು ಯಾಕೆ ಎಂದಳು. ಅವಲಕ್ಕಿಗೆ ಒಗ್ಗರಣೆ ಹಾಕುವ ನೆವದಲ್ಲಿ ಅಡುಗೆಮನೆಗೆ ಹೋದೆ. ಅವಳು ಬ್ಲೇಡು ತೆಗೆದುಕೊಂಡು ಗ್ಯಾಲರಿಯಲ್ಲಿ ಕೂತು ನನ್ನ ಪಟ್ಟಿಯನ್ನು ಬಿಚ್ಚಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಸ್ಟೇಷನ್ ರಸ್ತೆಯ ಟೈಲರ್ ಪೂವಪ್ಪನ ಅಂಗಡಿಗೆ ಹೋಗಿ, ಇನ್ನೂ ಎಂಟು ಇಂಚು ಮೇಲಕ್ಕೆ ಮಡಿಸಿ ಹೊಲಿಸಿಕೊಂಡು ಬಂದಳು. ನನ್ನಿಂದ ಹೊಲಿಸಲಿಲ್ಲ, ಅದು ನನಗೆ ಚುಚ್ಚಿತು.

ಹನ್ನೊಂದು ಗಂಟೆಗೆ ವಿಮಲಾ ಮತ್ತು ಮಧ್ವರಾಜ ಬಂದರು. ಹುಡುಗ ಕಪ್ಪು, ಎತ್ತರ, ಮೂಗಿನ ಮೇಲೆ ಕನ್ನಡಕ. ಕೂತಲ್ಲಿಂದಲೇ ನನ್ನ ಮೆಷಿನ್ನು, ಗ್ಯಾಲರಿಯ ಕಂಬಿ, ಫ್ಯಾನು ಎಲ್ಲ ನೋಡಿದ. ಪ್ರಫುಲ್ಲಾ ಒಳಗಿಂದ ಬಂದಳು. ಕೆಂಪು ಚೌಕುಳಿಯ ಮೇಲಂಗಿ, ಕಪ್ಪು ಸ್ಕರ್ಟು, ಅದರ ಕೆಳಗೆ ಒಂದು ಗೇಣು ಕಬ್ಬಿಣದ ಪಟ್ಟಿಗಳು, ಬೂಟು. ಬೂಟಿಗೆ ಪಾಲಿಶ್ ಹಾಕಿದ್ದಳು. ಕುರ್ಚಿಯ ಹತ್ತಿರ ಬಂದು, ಎಂದಿನಂತೆ ಬಟ್ಟೆಯ ಮೇಲಿಂದಲೇ ಬೀಗ ತೆಗೆದು ಕೂತಳು. ಆ ಸದ್ದು ನಮಗೆ ಕೇಳಿಸುವುದೇ ಇಲ್ಲ, ಅವತ್ತು ಇಡೀ ಮನೆಗೆ ಕೇಳಿಸಿತು.

ಮಧ್ವರಾಜ ನಿಧಾನವಾಗಿ ಕೇಳಿದ, "ಬೂಟು ಅಂದ್ರೆ ಇದಾ?"

"ಇದೇ. ದೊಡ್ಡಮ್ಮ ನಿಮ್ಮ ಅಮ್ಮನಿಗೆ ಹೇಳಿದ್ದಾರಲ್ಲ," ಎಂದಳು.

ವಿಮಲಾ ಲೋಟ ಕೆಳಗಿಟ್ಟರು. ಬೂಟು ಎಂದರೆ ತಾವು ತಿಳಿದದ್ದು ಬೇರೆ, ಇದನ್ನು ಯಾರೂ ಹೇಳಿಲ್ಲ ಎಂದರು. ಪ್ರಫುಲ್ಲಾ ಅವರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಸದಾ ಹಿಂದಿ ಮಾತಾಡುವವಳು ನಮ್ಮ ಭಾಷೆಯಲ್ಲೇ ಕೇಳಿದಳು, "ಅವರಿಗೆ ಗೊತ್ತಿಲ್ಲ ಅಂತ ನಿನಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು," ಎಂದೆ. ಇವರು ನನ್ನತ್ತ ತಿರುಗಿದರು. "ತಪ್ಪು ನನ್ನದು. ಹೊಸ ವರ್ಷದಲ್ಲಿ ವಿಮಲಾ ಬಂದಾಗಲೇ ಗೊತ್ತಾಯಿತು. ಹೇಳ್ಲಿಲ್ಲ. ಇವಳಿಗೆ ಏನೂ ಗೊತ್ತಿಲ್ಲ."

ಅವಳು ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕಿವಿಯವರೆಗೆ ಕೆಂಪಾಗಿ ಅಲ್ಲೇ ಕೂತಳು. ವಿಮಲಾ ಏನೋ ಹೇಳಬೇಕೆಂದು, ಹುಡುಗಿ ನೋಡುವಾಗ ಕಪ್ಪು ಬೇರೆ ಹಾಕಿದ್ದೀರಿ ಎಂದರು. ನಾನು ಸಂಕ್ರಾಂತಿಯ ಮಾತು ತೆಗೆಯುವಷ್ಟರಲ್ಲಿ ಪ್ರಫುಲ್ಲಾಳೇ ಹೇಳಿದಳು, "ಎಲ್ಲರೂ ಡ್ರೆಸ್ಸಿಗೆ ಚಪ್ಪಲಿ ಮ್ಯಾಚ್ ಮಾಡ್ತಾರೆ. ನನಗೆ ಬೂಟು ಬದಲಾಯಿಸ್ಲಿಕ್ಕೆ ಆಗುದಿಲ್ಲ. ಅದಕ್ಕೆ ಬೂಟಿನಿಂದ್ಲೇ ಶುರು ಮಾಡಿದೆ. ಬೂಟಿಗೆ ಸ್ಕರ್ಟು, ಸ್ಕರ್ಟಿಗೆ ಉಳಿದದ್ದು."

ಅಕ್ಕಾ, ಒಂದೂವರೆ ತಿಂಗಳು ಆ ಬಟ್ಟೆಯ ಎಳೆ ಎಳೆ ಬಿಚ್ಚಿ ನೋಡಿದವಳು ನಾನು. ಇವಳು ಬಿಳಿ, ನೀಲಿ ಎಲ್ಲ ಬಿಟ್ಟು ಕಪ್ಪನ್ನೇ ಯಾಕೆ ತಂದಳು ಎಂದು ಕೇಳಲು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಆ ಹುಡುಗ ಮಾಡಿದ್ದು ಕೇಳು. ಕನ್ನಡಕ ಸರಿ ಮಾಡಿಕೊಂಡು, ಈ ಪಟ್ಟಿ ಎಷ್ಟು ದಪ್ಪದ್ದು, ಸ್ಟೀಲಾ ಕಬ್ಬಿಣವಾ, ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲವಾ ಎಂದು ಕೇಳಲು ಶುರು ಮಾಡಿದ. ಕರುಣೆ ಇಲ್ಲ, ಸಂಕೋಚವೂ ಇಲ್ಲ. ಮಾರ್ಕೆಟ್ಟಿಗೆ ಬಂದ ಮಾಲು ನೋಡುವ ಅಭ್ಯಾಸ. ಇವಳೂ ಬಿಡಲಿಲ್ಲ. ವಾರಕ್ಕೊಮ್ಮೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಡುವುದು, ಡೊಂಬಿವಲಿ ಲೋಕಲ್ಲಿಗೆ ಹತ್ತುವಾಗ ಯಾವ ಕಾಲು ಮೊದಲು, ಪಟ್ಟಿ ಜೋಡಿಸುವ ರಿವೆಟ್ ಎರಡು ಸಲ ಹಾರಿದ್ದು, ಎಲ್ಲ ಹೇಳಿದಳು. ಆ ರಿವೆಟ್ಟಿಗೆ ಬೇರೆ ಲೋಹ ಹಾಕಬೇಕು ಎಂದು ಅವನು, ಅದರಿಂದ ಭಾರ ಹೆಚ್ಚುತ್ತದೆ, ಹೊತ್ತುಕೊಂಡು ನಡೆಯುವವಳು ನಾನು ಎಂದು ಇವಳು. ಅರ್ಧ ಗಂಟೆ ನಾವೆಲ್ಲ ಅಲ್ಲಿ ಇಲ್ಲವೇ ಇಲ್ಲ.

ಹೊರಡುವಾಗ ವಿಮಲಾ ಬಾಗಿಲಲ್ಲಿ ನಿಂತು, "ಮದುವೆ ವಿಷಯದಲ್ಲಿ ಹೀಗೆ ಮಾಡ್ಬಾರದಿತ್ತು ವಿನೋದಕ್ಕ," ಎಂದರು. ಮೆತ್ತಗೇ ಹೇಳಿದರು. ನಾನು ತಲೆ ತಗ್ಗಿಸಿದೆ. ಪ್ರಫುಲ್ಲಾ ಹತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಡಬ್ಬಿ ಕಟ್ಟಿಕೊಟ್ಟರೆ ತೆಗೆದುಕೊಂಡು ಹೋಗುತ್ತಿದ್ದಳು, ಅಷ್ಟೇ. ಇವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಮಧ್ವರಾಜನ ಇನ್‌ಲ್ಯಾಂಡ್ ಪತ್ರ ಬಂತು, ನನ್ನ ಹೆಸರಿಗೆ. ಮಲ್ಪೆಯಲ್ಲಿ ತನ್ನ ತಾಯಿಯ ತಲೆಯಲ್ಲಿ ಇನ್ನೂ ಆ ಮೊದಲಿನ ಬೂಟೇ ಇದೆ, ಮಾತಿನಿಂದ ಒಮ್ಮೆ ಎಡವಟ್ಟಾಯಿತು, ಇನ್ನೊಮ್ಮೆ ಮಾತಿನಲ್ಲೇ ಬಿಡಿಸಲು ತನಗೆ ಧೈರ್ಯವಿಲ್ಲ. ಆದ್ದರಿಂದ ಪ್ರಫುಲ್ಲಾ ಒಪ್ಪಿದರೆ ಮಾತ್ರ ಅವಳ ಒಂದು ಫೋಟೋ ಕಳಿಸಿ, ನಿಂತದ್ದು, ತಲೆಯಿಂದ ಬೂಟಿನವರೆಗೆ, ಅದೇ ಕಪ್ಪು ಸ್ಕರ್ಟಿನಲ್ಲಿ ಆದರೆ ಒಳ್ಳೆಯದು. ತಾಯಿ ನೋಡಲಿ, ನೋಡಿ ಹೇಳಲಿ ಎಂದು ಬರೆದಿದ್ದಾನೆ.

ಪತ್ರವನ್ನು ಅವಳ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ನನ್ನ ಹತ್ತಿರ ಮಾತು ಶುರು ಮಾಡಿದ್ದು ಆಗಲೇ. ಕಳಿಸುವಾ ಅಂದಳು. ಅವರು ನೋಡಿ ಹೇಳಲಿ, ಆಮೇಲೆ ನಾನೂ ನೋಡಿ ಹೇಳುತ್ತೇನೆ, ಅರ್ಧ ಗಂಟೆ ರಿವೆಟ್ಟಿನ ವಿಷಯ ಕೇಳಿದ ಮನುಷ್ಯ ನಿನಗೆ ಯಾವ ಪಲ್ಯ ಇಷ್ಟ ಎಂದು ಕೇಳಲಿಲ್ಲವಲ್ಲ ಅಂದಳು. ಹೇಳುವಾಗ ನಗುತ್ತಿದ್ದಳು. ಮಲ್ಪೆಯಿಂದ ಏನು ಬರುತ್ತದೋ ನನಗೆ ಗೊತ್ತಿಲ್ಲ. ಏನೇ ಬರಲಿ, ಈ ಸಲ ತಿಳಿದೇ ಬರುತ್ತದೆ.

ನಾಡಿದ್ದು ಭಾನುವಾರ ಕಲ್ಯಾಣದ ಸ್ಟುಡಿಯೋಗೆ ಹೋಗುತ್ತೇವೆ. ಕೆಂಪು ಚೌಕುಳಿಯಾ, ಬಿಳಿ ಶರ್ಟಾ ಎಂದು ಚರ್ಚೆ ನಡೆದಿದೆ. ಕಪ್ಪು ಬಿಳುಪು ಫೋಟೋದಲ್ಲಿ ಕೆಂಪೂ ಕಪ್ಪಾಗುತ್ತದೆ ಎಂದು ನಾನು. ಹಾಗಾದರೆ ಕಲರೇ ತೆಗೆಸುವಾ ಎಂದು ಅವಳು.

ಭಾವನಿಗೆ ನನ್ನ ನಮಸ್ಕಾರ, ನಿನ್ನ ಶಂಭುವಿಗೆ ಆಶೀರ್ವಾದ. ಅವನ ಪರೀಕ್ಷೆ ಚೆನ್ನಾಗಿ ಆಗಲಿ. ನಿನ್ನ ಎರಡು ಕೈಯೂ ಪ್ರಫುಲ್ಲಾಳ ತಲೆಯ ಮೇಲಿರಲಿ, ಒಂದನ್ನು ಆಗಾಗ ತೆಗೆದು ನನ್ನ ತಲೆಯ ಮೇಲೂ ಇಡು.

ನಿನ್ನ
ವಿನೋದಾ

ಮರುಬರಹ: ಮೇಲಿನದೆಲ್ಲ ಬರೆದು ಮಡಿಸಿಟ್ಟಿದ್ದೆ, ಈಗ ಮತ್ತೆ ಬಿಚ್ಚಿದೆ. ಸ್ಟುಡಿಯೋಗೆ ಹೋಗುವುದು ಯಾಕೆ, ಆಲ್ಬಮ್ಮಿನಲ್ಲಿ ಒಂದಾದರೂ ಇರುತ್ತದೆ ಎಂದು ಪ್ರಫುಲ್ಲಾ ಇವತ್ತು ಸಂಜೆ ಕಪಾಟಿನ ಮೇಲಿನಿಂದ ಎರಡೂ ಆಲ್ಬಮ್ ಇಳಿಸಿದಳು. ನಾನೂ ಪಕ್ಕದಲ್ಲಿ ಕೂತೆ. ಎಲ್ಲ ಫೋಟೋದಲ್ಲೂ ಅವಳು ಇದ್ದಾಳೆ ಅಕ್ಕಾ. ಒಂದರಲ್ಲಿ ಮೇಜಿನ ಹಿಂದೆ. ಒಂದರಲ್ಲಿ ನನ್ನ ಸೀರೆಯ ಹಿಂದೆ. ಒಂದರಲ್ಲಿ ಇವರ ತೊಡೆಯ ಮೇಲೆ, ಕಾಲಿನ ಮೇಲೆ ಶಾಲು. ಉಳಿದವೆಲ್ಲ ಎದೆಯವರೆಗೆ. ಸ್ಟುಡಿಯೋದವನು ಪ್ರತಿ ಸಲ ಫುಲ್ ಬೇಕಾ ಹಾಫ್ ಸಾಕಾ ಎಂದು ಕೇಳುತ್ತಿದ್ದ, ಪ್ರತಿ ಸಲ ನಾನೇ ಹಾಫ್ ಸಾಕು ಎನ್ನುತ್ತಿದ್ದೆ. ನೀನು ಮಲ್ಪೆಯಲ್ಲಿ ತೋರಿಸಿದ್ದೂ ಅಂಥದ್ದೇ. ನಾಲ್ಕನೇ ವರ್ಷದಿಂದ ಇಪ್ಪತ್ತೆರಡರವರೆಗೆ ಅವಳ ಕಾಲು ಇರುವ ಒಂದು ಫೋಟೋವೂ ನಮ್ಮ ಮನೆಯಲ್ಲಿ ಇಲ್ಲ.

ಕೊನೆಯಲ್ಲಿ ಅವಳ ಶಾಲೆಯ ಫೋಟೋ ಸಿಕ್ಕಿತು, ಐದನೇ ಕ್ಲಾಸಿನದು. ಬಹುಮಾನದ ಕಪ್ ಹಿಡಿದು ಮುಂದಿನ ಸಾಲಿನ ಮಧ್ಯದಲ್ಲಿ ಒಬ್ಬಳೇ ನಿಂತಿದ್ದಾಳೆ, ಅಡ್ಡ ಯಾರೂ ಇಲ್ಲ. ಆ ಫೋಟೋ ಉಳಿದವಕ್ಕಿಂತ ಗಿಡ್ಡ ಇದೆ. ಇಡೀ ಸಾಲಿನ ಮಕ್ಕಳಿಗೆ ಯಾರಿಗೂ ಮಂಡಿಯ ಕೆಳಗೆ ಏನೂ ಇಲ್ಲ. ಅವಳು ಅದನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕೆಳಗಿನ ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳು ಎಳೆದು, "ಎಷ್ಟು ನೇರ ಕತ್ತರಿಸಿದ್ದೀ ಅಮ್ಮ," ಎಂದಳು.